ಗ್ಯಾಸ್ಟ್ರಿಕ್ ಮಾತ್ರೆ ಕೊಡುವ ಮೊದಲು ನಾನೀಗ ಕೇಳುವ ಮಾತು

ಮೂಡಿಗೆರೆಯ ಒಂದು ಮೆಡಿಕಲ್ ಶಾಪ್‌ನಲ್ಲಿ ನಾನು ಫಾರ್ಮಸಿಸ್ಟ್. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಕಿವಿಗೆ ಬೀಳುವ ಮಾತು ಹೆಚ್ಚುಕಮ್ಮಿ ಒಂದೇ: "ಗ್ಯಾಸ್ಟ್ರಿಕ್‌ಗೆ ಒಂದು ಮಾತ್ರೆ ಕೊಡಿ." ಎದೆ ಉರಿದರೂ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬರಿಸಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದುಕೊಂಡರೂ ಗ್ಯಾಸ್ಟ್ರಿಕ್. ತುಂಬ ದಿನ ನಾನೂ ಕೇಳಿದ್ದನ್ನು ಕೊಟ್ಟು ಕಳಿಸುತ್ತಿದ್ದೆ.

ಆ ಜನವರಿಯಲ್ಲಿ ರೋಬಸ್ಟಾ ಕೊಯ್ಲು ಜೋರಾಗಿತ್ತು. ತೋಟದಲ್ಲಿ ಕೆಲಸ ಮಾಡುವ, ಐವತ್ತು ದಾಟಿದ ಒಬ್ಬರು ಸಂತೆಗೆ ಬಂದಾಗಲೆಲ್ಲ ನಮ್ಮಲ್ಲಿ ಗುಲಾಬಿ ಬಣ್ಣದ ಆಂಟಾಸಿಡ್ ಸಿರಪ್ ಒಯ್ಯುತ್ತಿದ್ದರು. ಹೊಟ್ಟೆಯ ಮೇಲ್ಭಾಗದಲ್ಲಿ ಉರಿ. ಉಂಡರೆ ಸ್ವಲ್ಪ ತಣ್ಣಗಾಗುತ್ತದೆ, ರಾತ್ರಿ ಎರಡು ಗಂಟೆಗೆ ಮತ್ತೆ ಎಬ್ಬಿಸುತ್ತದೆ ಅನ್ನುತ್ತಿದ್ದರು. ಕರುಳಿನ ಹುಣ್ಣಿನ ಲಕ್ಷಣವನ್ನು ಅವರೇ ಬಿಡಿಸಿ ಹೇಳುತ್ತಿದ್ದರು. ನಾನು ಬಾಟಲಿ ಪ್ಯಾಕ್ ಮಾಡುತ್ತಿದ್ದೆ.

ನಾಲ್ಕನೇ ಸಲ ಬಂದಾಗ ಕೌಂಟರ್ ಹಿಡಿದುಕೊಂಡು ನಿಂತರು. ಕಾಫಿ ಹಣ್ಣು ಬಿಡಿಸಿ ಬೆರಳೆಲ್ಲ ಕಪ್ಪು. ಉಗುರು ಮಾತ್ರ ಕಾಗದದ ಹಾಗೆ ಬಿಳಿ. ನೋಡಿ ಎದೆ ಝಲ್ಲೆಂದಿತು. ಮೆಲ್ಲಗೆ ಕೇಳಿದೆ, "ಮೋಶನ್ ಯಾವ ಬಣ್ಣಕ್ಕೆ ಹೋಗ್ತಿದೆ?" ಸಂಕೋಚದಿಂದ ಆ ಕಡೆ ಈ ಕಡೆ ನೋಡಿದರು. "ಡಾಂಬರು ಇದ್ದಂಗೆ. ಒಂದು ವಾರ ಆಯ್ತು."

ಬೇರೆ ಏನಾದರೂ ಮಾತ್ರೆ ನುಂಗುತ್ತಿದ್ದೀರಾ ಅಂದೆ. ಅಂಗಿ ಜೇಬಿನಿಂದ ಒಂದು ತುಂಡು ಸ್ಟ್ರಿಪ್ ಬಂತು. ಹೆಸರಿದ್ದ ಭಾಗ ಕತ್ತರಿಗೆ ಸಿಕ್ಕಿ ಹೋಗಿತ್ತು, ಆದರೂ ಗುರುತು ಸಿಕ್ಕಿತು: ಡೈಕ್ಲೋಫೆನಾಕ್, ಮಂಡಿ ನೋವಿಗೆ. ಹತ್ತು ದಿನಕ್ಕೆಂದು ಬರೆದ ಚೀಟಿ ಹಿಡಿದು ಮೂರು ತಿಂಗಳಿಂದ ದಿನಾ ತಗೊಂಡಿದ್ದರು. ಅದರಲ್ಲಿ ಎರಡು ಸಲ ಕೊಟ್ಟಿದ್ದು ನಮ್ಮ ಅಂಗಡಿಯೇ.

ಜೀಪ್ ಹತ್ತಿಸಿ ಸುಮಾರು 30 ಕಿಲೋಮೀಟರ್ ದೂರದ ಚಿಕ್ಕಮಗಳೂರಿಗೆ ಕಳಿಸಿದೆವು. ಹಿಮೋಗ್ಲೋಬಿನ್ 6ಕ್ಕೆ ಇಳಿದಿತ್ತು. ರಕ್ತ ಕೊಟ್ಟು ಎಂಡೋಸ್ಕೋಪಿ ಮಾಡಿದಾಗ, ಹೊಟ್ಟೆ ದಾಟಿ ಸಣ್ಣ ಕರುಳು ಶುರುವಾಗುವ ಜಾಗದಲ್ಲೇ ಹುಣ್ಣು.

ಹೊಟ್ಟೆಯಲ್ಲಿರುವುದು ಹೈಡ್ರೋಕ್ಲೋರಿಕ್ ಆಸಿಡ್. ಮಾಂಸವನ್ನೇ ಕರಗಿಸಲು ನೆರವಾಗುವ ಅದು ನಮ್ಮ ಹೊಟ್ಟೆಯನ್ನು ಯಾಕೆ ಸುಡಲ್ಲ? ಒಳಗೋಡೆಗೆ ಲೋಳೆಯ ಪದರ ಇದೆ. ಆ ಪದರ ಗಟ್ಟಿಯಾಗಿರಲು ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತು ಬೇಕು. ಮಂಡಿಯಲ್ಲಿ ನೋವು, ಊತ ಹೆಚ್ಚಿಸುವುದೂ ಅದೇ ಜಾತಿಯದು. ನೋವಿನ ಮಾತ್ರೆ ಅದನ್ನು ಮಂಡಿಯಲ್ಲಿ ತಡೆಯುವಾಗ ಹೊಟ್ಟೆಯಲ್ಲೂ ತಡೆಯುತ್ತದೆ. ರಕ್ತದ ಮೂಲಕವೂ ಈ ಕೆಲಸ ನಡೆಯುವುದರಿಂದ "ಊಟ ಆದ್ಮೇಲೆ ತಗೊಂಡ್ರೆ ಏನೂ ಆಗಲ್ಲ" ಅನ್ನುವ ಧೈರ್ಯ ಬೇಡ. ಇಂಜೆಕ್ಷನ್ ಆದರೂ ಅಷ್ಟೇ.

ಇನ್ನೊಂದು ಕಾರಣವೂ ಅವರಲ್ಲಿ ಸಿಕ್ಕಿತು, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಹುಣ್ಣಿಗೆ ಟೆನ್ಷನ್, ಖಾರವೇ ಕಾರಣ ಎಂದು ಡಾಕ್ಟರುಗಳೂ ನಂಬಿದ್ದ ಕಾಲದಲ್ಲಿ, 1984ರಲ್ಲಿ, ಆಸ್ಟ್ರೇಲಿಯಾದ ಡಾಕ್ಟರ್ ಬ್ಯಾರಿ ಮಾರ್ಷಲ್ ಈ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಹೊಟ್ಟೆಯ ಉರಿಯೂತ ಬರಿಸಿಕೊಂಡು ತೋರಿಸಿದರು. 2005ರಲ್ಲಿ ಅವರಿಗೂ ಜೊತೆಗೆ ಸಂಶೋಧನೆ ಮಾಡಿದ ರಾಬಿನ್ ವಾರನ್ ಅವರಿಗೂ ನೊಬೆಲ್ ಬಂತು. ನಮ್ಮ ಕಡೆ ಇವತ್ತಿಗೂ ಹುಣ್ಣು ಅಂದರೆ "ಖಾರ ಬಿಡು" ಅಂತಲೇ ಹೇಳುತ್ತಾರೆ. ಈ ಬ್ಯಾಕ್ಟೀರಿಯಾ ಹೋಗಬೇಕಾದರೆ ಡಾಕ್ಟರು ಬರೆದ ಆಂಟಿಬಯಾಟಿಕ್ ಕೋರ್ಸ್ ಮುಗಿಸಲೇಬೇಕು. ನಮ್ಮ ತೋಟದ ಕೆಲಸದವರಿಗೆ 14 ದಿನದ್ದು ಬರೆದಿದ್ದರು. ದಯವಿಟ್ಟು ಉರಿ ನಿಂತಿತು ಅಂತ ನಡುವೆ ನಿಲ್ಲಿಸಬೇಡಿ.

ಈಗ ಗ್ಯಾಸ್ಟ್ರಿಕ್ ಅಂದವರಿಗೆಲ್ಲ ಮೋಶನ್ ಬಣ್ಣ ಕೇಳುತ್ತೇನೆ, ನಾಚಿಕೊಳ್ಳುವುದಿಲ್ಲ. ಮೇಲ್ಗಡೆ ಒಸರಿದ ರಕ್ತ ಸುಮಾರು 6 ಮೀಟರ್ ಸಣ್ಣ ಕರುಳು, ಆಮೇಲೆ ದೊಡ್ಡ ಕರುಳು ದಾಟಿ ಬರುವಷ್ಟರಲ್ಲಿ ಕಪ್ಪಾಗಿ, ಅಂಟಂಟಾಗಿ, ಕೆಟ್ಟ ವಾಸನೆ ಹೊಡೆಯುತ್ತದೆ. ಮೂಲವ್ಯಾಧಿಯ ರಕ್ತ ಸಾಮಾನ್ಯವಾಗಿ ಕೆಂಪಾಗಿಯೇ ಇರುತ್ತದೆ. ಕಬ್ಬಿಣಾಂಶದ ಮಾತ್ರೆ ನುಂಗುವ ಬಸುರಿಯರಿಗೂ ಕಪ್ಪಾಗುತ್ತದೆ, ಅವರು ಸುಮ್ನೆ ಹೆದರಬೇಕಿಲ್ಲ.

ಪ್ಯಾಂಟೊಪ್ರಜೋಲ್ ಚೀಟಿ ತಂದವರಿಗೆ ಹೊತ್ತು ಹೇಳುತ್ತೇನೆ. ಅದು ಇರುವ ಆಸಿಡ್ ತೆಗೆಯುವುದಿಲ್ಲ, ಆಸಿಡ್ ಸುರಿಸುವ ಪಂಪ್ ಮುಚ್ಚುತ್ತದೆ. ಪಂಪ್ ಜೋರಾಗುವುದು ತಿಂದಾಗ. ಹಾಗಾಗಿ ಅಕ್ಕಿ ರೊಟ್ಟಿಗೆ ಕೂರುವ ಅರ್ಧ ಗಂಟೆ ಮೊದಲೇ ಮಾತ್ರೆ ಹೋಗಿರಬೇಕು. ರಾತ್ರಿ ಎದೆಗೆ ಹುಳಿ ಬರುವವರಿಗೆ ಉಂಡ ತಕ್ಷಣ ಮಲಗಬೇಡಿ ಅನ್ನುತ್ತೇನೆ. ಆದರೆ ಬೆವರುತ್ತಾ, ಎದೆ ಒತ್ತಿ ಹಿಡಿದ ಹಾಗಾಗಿ, ನೋವು ಎಡಗೈಗೋ ದವಡೆಗೋ ಇಳಿಯುತ್ತಿದೆ ಅಂದರೆ ನಾನು ಗ್ಯಾಸ್ಟ್ರಿಕ್ ಮಾತ್ರೆ ಮುಟ್ಟುವುದೇ ಇಲ್ಲ. ಮೊದಲು ಇಸಿಜಿ.

ಸ್ಟ್ರಿಪ್ ಕತ್ತರಿಸುವುದನ್ನು ಪೂರ್ತಿ ಬಿಡಲು ಆಗಿಲ್ಲ. ಹತ್ತು ಮಾತ್ರೆಗೆ ದುಡ್ಡಿಲ್ಲದವರು ತುಂಬ ಜನ ಬರುತ್ತಾರೆ. ಕತ್ತರಿಸಿದ ತುಂಡನ್ನು ಕವರಿಗೆ ಹಾಕಿ, ಯಾವುದಕ್ಕೆ, ಎಷ್ಟು ದಿನ ಅಂತ ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ಕೊಡುತ್ತೇನೆ.

ಆ ತೋಟದ ಕೆಲಸದವರು ಹುಷಾರಾಗಿ ಮಾರ್ಚ್‌ನಲ್ಲಿ ಬಂದರು. ಜೊತೆಗೆ ಹೆಂಡತಿ ಇದ್ದರು, ಅವರಿಗೆ ಸೊಂಟ ನೋವು. ಪ್ಲಾಸ್ಟಿಕ್ ಕವರನ್ನು ಕೌಂಟರ್ ಮೇಲೆ ಸುರಿದು, "ಇದ್ರಲ್ಲಿ ಯಾವ್ದು ತಿನ್ಬೋದು ನೋಡಿ" ಅಂದರು. ಐದು ತುಂಡು ಸ್ಟ್ರಿಪ್ ಇತ್ತು. ಅದರಲ್ಲಿ ಎರಡರ ಹೆಸರು ಬೇರೆ ಬೇರೆ, ಒಳಗಿನ ಔಷಧಿ ಒಂದೇ: ಡೈಕ್ಲೋಫೆನಾಕ್. ಹೆಂಡತಿ ಎರಡನ್ನೂ ಒಟ್ಟಿಗೆ ತಗೊಳ್ಳುತ್ತಿದ್ದರು.