ನಾಲ್ಕನೆಯ ಕಾಲಂ

ಗುರುವಾರ ಮಧ್ಯಾಹ್ನ ಎರಡೂಕಾಲಕ್ಕೆ ಫೋನ್ ಬಂದಾಗ ನಾನಿದ್ದ ಬಸ್ಸು ಮಂಡಗದ್ದೆ ದಾಟುತ್ತಿತ್ತು. ಫೋನ್ ಮಾಡಿದವಳು ಅಡಿಕೆ ಸಂಘದ ಕೌಂಟರಿನ ಹುಡುಗಿ. ಆ ಸಂಘದ ಸರ್ವರ್ ನೋಡಿಕೊಳ್ಳುವವನು ನಾನು. "ಸರ್, ಚೀಟಿ ಬರುತ್ತಿಲ್ಲ. ಒಂದೊಂದಕ್ಕೆ ಐದು ನಿಮಿಷ ಹಿಡಿಯುತ್ತಿದೆ. ಹೊರಗೆ ಜನ ನಿಂತಿದ್ದಾರೆ."

ಫೆಬ್ರವರಿ, ಅದರಲ್ಲೂ ಟೆಂಡರಿನ ದಿನ. ರಾಶಿ, ಬೆಟ್ಟೆ, ಗೊರಬಲು, ಅಡಿಕೆಯ ಬಗೆಗಳೆಲ್ಲವೂ ಒಟ್ಟಿಗೇ ಬಂದಿಳಿಯುವ ಕಾಲ. ತೂಕದ ಚೀಟಿ ಬಾರದೆ ಲಾಟ್ ನಂಬರ್ ಬೀಳುವುದಿಲ್ಲ, ಲಾಟ್ ನಂಬರ್ ಇಲ್ಲದ ಚೀಲ ಟೆಂಡರಿಗೆ ಹೋಗುವುದಿಲ್ಲ. ಸರ್ವರಿನ ಮುಂದೆ ಕೂತು, ಮೆಮೊರಿಯ ಲೆಕ್ಕ ತೋರಿಸುವ ಫ್ರೀ ಎಂಬ ಆದೇಶ ಒತ್ತಿ, ಪರದೆಯ ಫೋಟೊ ತೆಗೆದು ಕಳಿಸಲು ಹೇಳಿದೆ. ಆ ಫೋಟೊ ಇನ್ನೂ ನನ್ನ ಮೊಬೈಲಿನಲ್ಲಿದೆ. ಅಳಿಸಲು ಮನಸ್ಸಾಗಿಲ್ಲ.

ಪರದೆಯ ಮೇಲೆ ಧೂಳು, ಅದರ ಮೇಲೆ ಕಿಟಕಿಯ ಬೆಳಕು. ಒಟ್ಟು 15 ಜಿಬಿ. ಡಿಸ್ಕಿನಿಂದ ಓದಿದ ಫೈಲುಗಳ ನಕಲನ್ನು ಲೆಕ್ಕ ಹಿಡಿಯುವ ಬಫ್/ಕ್ಯಾಶೆ ಕಾಲಂನಲ್ಲಿ 6.1. ಎರಡನೆಯ ಸಾಲಿನಲ್ಲಿ ಸ್ವಾಪ್, ಅಂದರೆ ಮೆಮೊರಿ ಸಾಲದಾದಾಗ ಬಳಸುವ ಡಿಸ್ಕಿನ ಜಾಗ, 2 ಜಿಬಿ, ಅದು ಪೂರ್ತಿ ಭರ್ತಿ. ಬಲಗಡೆಯ ಅಂಚು ಫೋಟೊದಲ್ಲಿ ಬಿಟ್ಟುಹೋಗಿತ್ತು, ಹಾಗಾಗಿ ನಿಜಕ್ಕೂ ಎಷ್ಟು ಮೆಮೊರಿ ಸಿಗಬಹುದೆಂದು ಹೇಳುವ ಕೊನೆಯ ಅವೈಲೆಬಲ್ ಕಾಲಂ ಕಾಣುತ್ತಿರಲಿಲ್ಲ. ಇನ್ನೊಂದು ಫೋಟೊ ಕಳಿಸು ಎನ್ನಬೇಕಿತ್ತು. ಎನ್ನಲಿಲ್ಲ. ಆರು ಜಿಬಿ ಕ್ಯಾಶೆ ಇದೆಯೆಂದರೆ ಮೆಮೊರಿಗೆ ಬರವಿಲ್ಲ ಎಂದು ತೀರ್ಮಾನಿಸಿಬಿಟ್ಟೆ. ಫೋನಿನಲ್ಲಿ ಕಾರ್ಯದರ್ಶಿಯವರಿಗೆ ನೂರು ಬಾರಿ ಹೇಳಿದ ಮಾತನ್ನೇ ಮತ್ತೆ ಹೇಳಿದೆ: "ಲಿನಕ್ಸ್ ಖಾಲಿ ಕೂತ ಮೆಮೊರಿಯನ್ನು ಕ್ಯಾಶೆಗೆ ಬಳಸಿಕೊಳ್ಳುತ್ತದೆ, ಯಾರಾದರೂ ಕೇಳಿದ ಕೂಡಲೇ ಬಿಟ್ಟುಕೊಡುತ್ತದೆ. ಗಾಬರಿಯಾಗಬೇಡಿ. ನೆಟ್‌ವರ್ಕ್ ಸ್ವಿಚ್ ನೋಡಿ." ಹತ್ತು ವರ್ಷದಿಂದ ಈ ಮಾತು ಹೇಳಿಕೊಂಡು ಬಂದಿದ್ದೇನೆ. ಬಹಳ ಸಲ ಅದು ನಿಜವೂ ಆಗಿದೆ.

ಎರಡೂ ಮುಕ್ಕಾಲಿಗೆ ಮತ್ತೆ ಫೋನ್. ಡೇಟಾಬೇಸ್ ನಿಂತುಹೋಗಿದೆ.

ಮೂರೂಕಾಲಕ್ಕೆ ಸಂಘ ಮುಟ್ಟಿದೆ. ಅಷ್ಟರಲ್ಲಿ ಡೇಟಾಬೇಸನ್ನು ಒಮ್ಮೆ ಎಬ್ಬಿಸಿದ್ದರು, ಅದು ಮತ್ತೆ ಬಿದ್ದಿತ್ತು. ಅಂಗಳದಲ್ಲಿ ಪಿಕಪ್ ವಾಹನಗಳು ಸಾಲುಗಟ್ಟಿದ್ದವು, ಹಮಾಲರು ಚೀಲದ ಮೇಲೆ ಕೂತು ಎಲೆ ಹಾಕುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ವಯಸ್ಸಾದ ರೈತರೊಬ್ಬರು "ತಮ್ಮಾ, ಆಗುಂಬೆ ಕಡೆಯ ಬಸ್ಸಿಗೆ ಮುಂಚೆ ನನ್ನ ಚೀಟಿ ಸಿಗುತ್ತದೆಯೇ?" ಎಂದು ಕೇಳಿದರು. ಸಿಗುತ್ತದೆ ಎಂದೆ. ಯಾವ ಧೈರ್ಯದಲ್ಲಿ ಹೇಳಿದೆನೋ.

ಲಿನಕ್ಸಿನ ತಿರುಳಾದ ಕರ್ನಲ್ ಬರೆದ ಲಾಗ್ ತೆರೆದರೆ ಮೆಮೊರಿ ಮುಗಿದಿದೆ, ಮಾರಿಯಾಡಿಬಿಯನ್ನು (ನಮ್ಮ ಡೇಟಾಬೇಸ್ ತಂತ್ರಾಂಶ) ಕೊಲ್ಲಲಾಗಿದೆ ಎಂಬ ಸಾಲು ಎರಡು ಕಡೆ ಇತ್ತು. ಸತ್ತದ್ದು ಮಾರಿಯಾಡಿಬಿ, ಆದ್ದರಿಂದ ಮೆಮೊರಿ ತಿಂದದ್ದೂ ಅದೇ ಎಂದುಕೊಂಡೆ. ಲಾಗಿನಲ್ಲಿದ್ದ ಪ್ರಕ್ರಿಯೆಗಳ ಪಟ್ಟಿಯಲ್ಲಿ ಎಲ್ಲರಿಗಿಂತ ಹೆಚ್ಚು ಹಿಡಿದಿದ್ದೂ ಅದೇ, ಎಂಟೂವರೆ ಜಿಬಿಗಿಂತ ಸ್ವಲ್ಪ ಹೆಚ್ಚು. ಉಳಿದ ಪ್ರಕ್ರಿಯೆಗಳನ್ನೆಲ್ಲ ಕೂಡಿಸಿದರೂ ಎರಡು ಜಿಬಿ ದಾಟುತ್ತಿರಲಿಲ್ಲ. ಅಲ್ಲಿಗೆ ಹತ್ತೂವರೆ. ಫ್ರೀ ಹದಿನೈದೆಂದು ತೋರಿಸುವ ಹದಿನಾರು ಜಿಬಿಯ ಯಂತ್ರದಲ್ಲಿ ಹತ್ತೂವರೆಗೇ ಮೆಮೊರಿ ಮುಗಿಯುವುದು ಹೇಗೆ? ಉಳಿದದ್ದೆಲ್ಲ ಎಲ್ಲಿ ಹೋಯಿತು? ಈ ಪ್ರಶ್ನೆ ನನ್ನೊಳಗೆ ಎದ್ದಿತ್ತು ಎಂಬುದೇ ನನಗೆ ಇಂದಿಗೂ ಸಂಕಟ ತರುವ ಸಂಗತಿ. ಕೂಡಿಸುವ ಲೆಕ್ಕ ಬೆರಳ ತುದಿಯಲ್ಲಿತ್ತು, ಆದರೆ ಹಿಂದೆ ಜನ, ಮುಂದೆ ಗಡಿಯಾರ. ಲೆಕ್ಕ ಮುಗಿಸಲಿಲ್ಲ.

ಕ್ಯಾಶೆ ಬಿಡಿಸಿದರೆ ದಾರಿಯಾಗಬಹುದೆಂದು, ಅದಕ್ಕೆಂದೇ ಕರ್ನಲ್ ಇಟ್ಟಿರುವ ಡ್ರಾಪ್ ಕ್ಯಾಶೆಸ್‌ಗೆ 3 ಬರೆದೆ. ಬಫ್/ಕ್ಯಾಶೆ 6.3 ಇದ್ದದ್ದು 6.0 ಆಯಿತು. ಅಷ್ಟೇ. ನಿಜವಾದ ಕ್ಯಾಶೆಯಾಗಿದ್ದರೆ ಅದು ನೂರಾರು ಎಂಬಿಗೆ ಇಳಿಯಬೇಕಿತ್ತು. ಬಿಟ್ಟುಕೊಡು ಎಂದು ಆಜ್ಞೆ ಮಾಡಿದರೂ ಬಿಡದ ವಸ್ತುವನ್ನು ಕ್ಯಾಶೆ ಎಂದು ಕರೆಯಬಹುದೇ? ಆಗ ಅದನ್ನು ಕೇಳಿಕೊಳ್ಳದೆ, ಡೇಟಾಬೇಸು ತನಗೆಂದು ಇಟ್ಟುಕೊಳ್ಳುವ ಮೆಮೊರಿಯನ್ನು, ಅಂದರೆ ಬಫರ್ ಪೂಲನ್ನು, ಎಂಟರಿಂದ ನಾಲ್ಕು ಜಿಬಿಗೆ ಇಳಿಸಿ ಎಬ್ಬಿಸಿದೆ. ನಿಂತಿತು. ಚೀಟಿಗಳು ಹೊರಬರತೊಡಗಿದವು. ಆಗುಂಬೆ ಬಸ್ಸು ಹೊರಡುವ ಮೊದಲು ಆ ರೈತರ ಕೈಗೂ ಚೀಟಿ ಸಿಕ್ಕಿತು. ಕಾರ್ಯದರ್ಶಿ ಕಾಫಿ ತರಿಸಿದರು. ಕಾರಣ ಸಿಕ್ಕಿತೇ ಎಂದು ಕೇಳಿದಾಗ ಸಿಕ್ಕಿತು ಎಂದೆ. ಅದು ಸುಳ್ಳಾಗಿತ್ತು ಎಂದು ಆಗ ನನಗೆ ಗೊತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಚೀಟಿ ಮತ್ತೆ ನಿಂತಿತು. ಈ ಸಲ ಡೇಟಾಬೇಸ್ ಗಟ್ಟಿಯಾಗಿತ್ತು. ಪರದೆಯ ಮೇಲೆ ಬೇರೆಯೇ ದೂರು: ಡಿಸ್ಕಿನಲ್ಲಿ ಜಾಗವಿಲ್ಲ. ಸರ್ವರಿನ ಡಿಸ್ಕು 500 ಜಿಬಿ, ಅದರಲ್ಲಿ ನಾನೂರರಷ್ಟು ಖಾಲಿ. ಇಂಥ ದೂರು ಬಂದಾಗ ಯಾರಾದರೂ ಮಾಡುವುದನ್ನೇ ಮಾಡಿದೆ, ಡಿಸ್ಕುಗಳ ಖಾಲಿ ಜಾಗ ತೋರಿಸುವ ಡಿಎಫ್ ಒತ್ತಿದೆ. ಮೂಲ ಡಿಸ್ಕು ಆರಾಮಾಗಿತ್ತು. ಅದರ ಕೆಳಗಿನ ಒಂದು ಸಾಲು ಮಾತ್ರ ನೂರಕ್ಕೆ ನೂರು: ತಾತ್ಕಾಲಿಕ ಫೈಲುಗಳ ಟೆಂಪ್ ಡೈರೆಕ್ಟರಿ, ಗಾತ್ರ 7.8 ಜಿಬಿ, ಬಗೆ ಮೆಮೊರಿಯಲ್ಲೇ ಫೈಲು ಇಡುವ ಟೆಂಪ್‌ಎಫ್‌ಎಸ್.

ಮೈ ತಣ್ಣಗಾಯಿತು. ಸರ್ವರನ್ನು ದೀಪಾವಳಿ ರಜೆಯಲ್ಲಿ ಡೆಬಿಯನ್ ಎಂಬ ಲಿನಕ್ಸಿನ 12ನೆಯ ಆವೃತ್ತಿಯಿಂದ 13ಕ್ಕೆ ಏರಿಸಿದವನು ನಾನೇ. 2025ರ ಆಗಸ್ಟಿನಲ್ಲಿ ಬಂದ ಆ ಆವೃತ್ತಿಯಿಂದ ಟೆಂಪ್ ಡೈರೆಕ್ಟರಿ ಡಿಸ್ಕಿನ ಮೇಲಲ್ಲ, ರ್ಯಾಮಿನೊಳಗೆ, ಅಂದರೆ ಮೆಮೊರಿಯಲ್ಲಿ, ಇರುತ್ತದೆ. ಹೆಚ್ಚೆಂದರೆ ರ್ಯಾಮಿನ ಅರ್ಧದಷ್ಟು ಬೆಳೆಯಬಹುದು. ಬಿಡುಗಡೆಯ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ನಾನು ಓದಿಯೂ ಇದ್ದೆ. ನಮ್ಮ ಟೆಂಪ್‌ನಲ್ಲಿ ಏನಿರುತ್ತದೆ ಮಹಾ ಎಂದುಕೊಂಡು ಮುಂದಿನ ಪುಟಕ್ಕೆ ಹೋಗಿದ್ದೆ.

ಮೆಮೊರಿ ಲೆಕ್ಕದಲ್ಲಿ ಟೆಂಪ್‌ಎಫ್‌ಎಸ್ ಎಲ್ಲಿ ಸೇರುತ್ತದೆ? ಬಫ್/ಕ್ಯಾಶೆ ಕಾಲಂನಲ್ಲಿ. ಆದರೆ ಅದು ಡಿಸ್ಕಿನಲ್ಲಿರುವ ಫೈಲಿನ ನಕಲಲ್ಲ, ಬೇಕಾದಾಗ ಎಸೆದು ಮತ್ತೆ ಓದಿಕೊಳ್ಳಲು. ಅದೇ ಮೂಲ ಫೈಲು. ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಕರ್ನಲ್ ಅದನ್ನು ಸ್ವಾಪಿಗೆ ತಳ್ಳಬಲ್ಲದು, ಎಸೆಯಲಾರದು. ಸ್ವಾಪ್ ತುಂಬಿದ ಮೇಲೆ ತಳ್ಳಲೂ ಜಾಗವಿಲ್ಲ. ಇಂಥದ್ದನ್ನು ಕ್ಯಾಶೆ ಎಂಬ ಹೆಸರಿನ ಕೆಳಗೆ ಕೂಡಿಸಿ ತೋರಿಸುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಎಷ್ಟೋ ಜನ ಈ ಹೆಸರನ್ನು ನಂಬಿ ಮೋಸಹೋಗಿದ್ದಾರೆ, ಮುಂದೆಯೂ ಹೋಗುತ್ತಾರೆ. ಆದರೆ ಅದೇ ಫ್ರೀ ಆದೇಶ ಅದನ್ನು ಪ್ರತ್ಯೇಕವಾಗಿಯೂ ತೋರಿಸುತ್ತದೆ. ಗುರುವಾರದ ಫೋಟೊ ತೆರೆದು ಹಿಗ್ಗಿಸಿ ನೋಡಿದೆ. ನಾಲ್ಕನೆಯ ಕಾಲಂ, ಶೇರ್ಡ್: 5.8. ಅಂಚಿನಲ್ಲಿ ಬಿಟ್ಟುಹೋದ ಕಾಲಂ ಬೇಕೇ ಇರಲಿಲ್ಲ. ಉತ್ತರ ಫೋಟೊದ ನಟ್ಟನಡುವೆ ಇತ್ತು. ಹತ್ತು ವರ್ಷದಲ್ಲಿ ಆ ಕಾಲಂ ಯಾತಕ್ಕಿದೆ ಎಂದು ನಾನು ಒಮ್ಮೆಯೂ ನೋಡಿರಲಿಲ್ಲ. ಕರ್ನಲ್ ಲಾಗಿಗೂ ಹಿಂದಿರುಗಿದೆ. ಕೊಲ್ಲುವ ಮೊದಲು ಅದು ಬರೆದಿಟ್ಟ ಲೆಕ್ಕದಲ್ಲಿ ಶ್‌ಮೆಮ್ (ಇದೂ ಶೇರ್ಡ್ ಮೆಮೊರಿಯೇ) ಎಂಬುದರ ಮುಂದೆ 15 ಲಕ್ಷಕ್ಕೂ ಹೆಚ್ಚು ಪುಟಗಳು, ಪುಟಕ್ಕೆ 4 ಕೆಬಿ, ಅಂದರೆ ಆರು ಜಿಬಿ. ಅದನ್ನೂ ದಾಟಿ ಕೊನೆಯ ಸಾಲಿಗೆ ಹಾರಿದ್ದೆ.

ಇನ್ನು ಟೆಂಪ್ ತುಂಬಿಸಿದ್ದು ಯಾರು? ಫೈಲುಗಳ ಗಾತ್ರ ಕೂಡಿಸಿ ಹೇಳುವ ಡಿಯು ಕೇಳಿದರೆ ಅಲ್ಲಿ ಕೆಲವು ಕೆಬಿ ಮಾತ್ರ ಇದೆ ಎಂದಿತು. ಪಟ್ಟಿ ಮಾಡಿದರೆ ಹೆಚ್ಚುಕಡಿಮೆ ಖಾಲಿ. ಡಿಎಫ್ ಮತ್ತು ಡಿಯು ಇಷ್ಟು ದೂರ ಸರಿದು ನಿಂತರೆ ಕಾರಣ ಹೆಚ್ಚಾಗಿ ಒಂದೇ: ಹೆಸರು ಅಳಿಸಿದ, ಆದರೆ ಯಾರೋ ಇನ್ನೂ ತೆರೆದು ಹಿಡಿದಿರುವ ಫೈಲುಗಳು. ಯುನಿಕ್ಸಿನಲ್ಲಿ ಹೆಸರು ಹೋದ ಮಾತ್ರಕ್ಕೆ ಫೈಲು ಹೋಗುವುದಿಲ್ಲ. ಹಿಡಿದ ಕೊನೆಯ ಕೈ ಬಿಡುವವರೆಗೂ ಇರುತ್ತದೆ. ತೆರೆದ ಫೈಲುಗಳ ಪಟ್ಟಿ ಕೊಡುವ ಎಲ್‌ಎಸ್‌ಒಎಫ್‌ಗೆ ಪ್ಲಸ್ ಎಲ್ 1 ಕೊಟ್ಟು, ಲಿಂಕ್ ಎಣಿಕೆ ಸೊನ್ನೆಯಾದ, ಅಂದರೆ ಹೆಸರೇ ಉಳಿಯದ, ಫೈಲುಗಳನ್ನಷ್ಟೇ ಕೇಳಿದೆ. ಪರದೆ ಉರುಳತೊಡಗಿತು. ಸಾಲುಸಾಲಾಗಿ ಒಂದೇ ಪ್ರಕ್ರಿಯೆ, ಒಂದೇ ಗಾತ್ರ, ಕೊನೆಯಲ್ಲಿ ಡಿಲೀಟೆಡ್ ಎಂಬ ಗುರುತು. ಎಣಿಸಿದರೆ 640ಕ್ಕೂ ಮೇಲೆ. ಅದು ಚೀಟಿ ಮುದ್ರಿಸುವ ಸೇವೆ.

ರೈತರ ಸಹಿ ಬಿದ್ದ ತೂಕದ ಕಾಗದವನ್ನು ಅದು 300 ಡಿಪಿಐ ಬಣ್ಣದಲ್ಲಿ ಸ್ಕ್ಯಾನ್ ಮಾಡುತ್ತದೆ. ಎ5 ಗಾತ್ರದ ಹಾಳೆ, ಕುಗ್ಗಿಸದ ಚಿತ್ರ, ಒಂದಕ್ಕೆ 13 ಎಂಬಿ. ಚಿತ್ರವನ್ನು ಟೆಂಪ್‌ಗೆ ಬರೆದು, ಕೂಡಲೇ ಹೆಸರು ಅಳಿಸಿ, ಪಿಡಿಎಫ್ ಮಾಡಿ ಮುದ್ರಿಸುತ್ತದೆ. ಹೆಸರನ್ನು ಮೊದಲೇ ಅಳಿಸುವುದು ಒಳ್ಳೆಯ ಪದ್ಧತಿಯೇ, ನಡುವೆ ಸೇವೆ ಬಿದ್ದರೂ ಕಸ ಉಳಿಯುವುದಿಲ್ಲ. ಆದರೆ ಕೊನೆಯಲ್ಲಿ ಫೈಲನ್ನು ಮುಚ್ಚುವುದನ್ನು ಅದನ್ನು ಬರೆದವರು ಮರೆತಿದ್ದಾರೆ. ಸೋಮವಾರದಿಂದ ದಿನಕ್ಕೆ 150 ಲಾಟ್. ಬುಧವಾರ ಸಂಜೆಗೆ 450, ಗುರುವಾರ ಮಧ್ಯಾಹ್ನಕ್ಕೆ 540, ಅಂದರೆ ಏಳು ಜಿಬಿ: 5.8 ಮೆಮೊರಿಯಲ್ಲಿ, ಉಳಿದದ್ದು ಸ್ವಾಪಿನಲ್ಲಿ. ಕಾಣೆಯಾಗಿದ್ದ ಮೆಮೊರಿ ಪೈಸೆ ಪೈಸೆಯಾಗಿ ಲೆಕ್ಕಕ್ಕೆ ಸಿಕ್ಕಿತು. ಆ ಪುಟಗಳು ಯಾವ ಪ್ರಕ್ರಿಯೆಯ ಖಾತೆಗೂ ಸೇರದ ಕಾರಣ ಚೀಟಿ ಸೇವೆ ಪ್ರಕ್ರಿಯೆಗಳ ಪಟ್ಟಿಯಲ್ಲಿ ನೂರು ಎಂಬಿಯ ಬಡಪಾಯಿಯಂತೆ ಕಾಣುತ್ತಿತ್ತು. ಕರ್ನಲ್ ಖಾತೆ ನೋಡಿ ಕೊಲ್ಲುತ್ತದೆ, ಆದ್ದರಿಂದ ಎರಡು ಸಲವೂ ಏನೂ ಮಾಡದ ಡೇಟಾಬೇಸ್ ಸತ್ತಿತು. ನಾನೂ ಸತ್ತವನ ಮೇಲೆಯೇ ತಪ್ಪು ಹೊರಿಸಿ ಅವನ ಊಟ ಅರ್ಧ ಮಾಡಿದೆ.

ಸೇವೆಯನ್ನು ಮರುಪ್ರಾರಂಭಿಸಿದೆ. ಇನ್ನೊಮ್ಮೆ ಫ್ರೀ ಒತ್ತಿದರೆ ಶೇರ್ಡ್ ಕಾಲಂನಲ್ಲಿ ಇಪ್ಪತ್ತು ಎಂಬಿ. ಹನ್ನೊಂದೂಕಾಲಕ್ಕೆ ಚೀಟಿ ಮತ್ತೆ ಶುರುವಾಯಿತು.

ಆ ಸೇವೆಯ ಸಂರಚನಾ ಫೈಲು ತೆರೆದಾಗ ಇನ್ನೂ ಒಂದು ಸಂಗತಿ ಸಿಕ್ಕಿತು. ತೆರೆದಿಡಬಹುದಾದ ಫೈಲುಗಳ ಮಿತಿ 65536 ಎಂದು ಬರೆದಿತ್ತು. ಸಾಮಾನ್ಯವಾಗಿ ಅದು 1024. ಬರೆದದ್ದು ನಾನು, ಎರಡು ವರ್ಷದ ಹಿಂದೆ. ಅಂದು ಇದೇ ಸೇವೆ ತೆರೆದ ಫೈಲುಗಳು ಮಿತಿ ಮೀರಿವೆ ಎಂದು ಕೂಗಿತ್ತು. ಏಕೆ ಮೀರಿದವು ಎಂದು ಕೇಳದೆ ಮಿತಿ ಏರಿಸಿದ್ದೆ, ಇರಲಿ ಎಂದು ಪ್ರತಿ ಭಾನುವಾರ ಸೇವೆ ತಾನಾಗಿ ಮರುಪ್ರಾರಂಭವಾಗುವ ಸಾಲನ್ನೂ ಸೇರಿಸಿದ್ದೆ. ಸೋರಿಕೆ ಆಗಲೂ ಇತ್ತು. ವಾರಕ್ಕೆ ಹನ್ನೆರಡು ಜಿಬಿ ಡಿಸ್ಕು ನುಂಗಿ ಭಾನುವಾರ ಕಕ್ಕುತ್ತಿತ್ತು, 500 ಜಿಬಿಯ ಡಿಸ್ಕಿಗೆ ಅದು ಗೊತ್ತೂ ಆಗುತ್ತಿರಲಿಲ್ಲ. ದೀಪಾವಳಿಯಲ್ಲಿ ನಾನು ಆ ಸೋರಿಕೆಯನ್ನು ಡಿಸ್ಕಿನಿಂದ ರ್ಯಾಮಿಗೆ ತಂದು ಕೂರಿಸಿದೆ. ಕೊಯ್ಲು ಮುಗಿದು ಮಾಲು ಬರುವವರೆಗೆ ಅದು ಸುಮ್ಮನಿತ್ತು.

ಕಾರ್ಯದರ್ಶಿಯವರಿಗೆ ಇದನ್ನೆಲ್ಲ ಹೇಳಿದೆ, ಆ 65536 ಸೇರಿಸಿ. ಕೇಳಿಸಿಕೊಂಡು, "ಮಾರಾಯರೇ, ಹಾಗಾದರೆ ಟೆಂಪನ್ನು ಮೊದಲಿನ ಹಾಗೆ ಡಿಸ್ಕಿಗೇ ಹಾಕಿಬಿಡಿ, ಸೀಸನ್ ಮುಗಿಯಲಿ" ಎಂದರು. ಒಂದು ಆದೇಶ, ಒಂದು ರೀಬೂಟ್, ಅಷ್ಟರ ಕೆಲಸ. ನಾನು ಒಪ್ಪಲಿಲ್ಲ. ಡಿಸ್ಕಿಗೆ ಹಾಕಿದರೆ ಸೋರಿಕೆ ಮತ್ತೆ ಕಣ್ಣಿಗೆ ಬೀಳದ ಹಾಗಾಗುತ್ತದೆ, ತಂತ್ರಾಂಶ ಕೊಟ್ಟವರಿಗೂ ನಮಗೂ ಅದು ಮರೆತುಹೋಗುತ್ತದೆ. ಮೆಮೊರಿಯ ಮೇಲೆ ಕಣ್ಣಿಡುವ ಒಂದು ಸಣ್ಣ ವ್ಯವಸ್ಥೆ ಬೇಕೆಂದು ಎರಡು ವಾರ್ಷಿಕ ಸಭೆಗಳಿಂದ ಕೇಳುತ್ತಿದ್ದೇನೆ, ಹಳೆಯ ಕಂಪ್ಯೂಟರೊಂದು ಸಾಕು ಅದಕ್ಕೆ. ಆವರಣಕ್ಕೆ ಇಂಟರ್‌ಲಾಕ್ ಹಾಸಲು ಹಣವಿತ್ತು, ಇದಕ್ಕೆ ಇರಲಿಲ್ಲ. ಅಂದು ಕಾರ್ಯದರ್ಶಿ ಮರುಮಾತಾಡದೆ ಪತ್ರಕ್ಕೆ ಸಹಿ ಹಾಕಿದರು.

ಈಗ ಟೆಂಪ್ ರ್ಯಾಮಿನಲ್ಲೇ ಇದೆ, 4 ಜಿಬಿಯ ಮಿತಿಯೊಂದಿಗೆ. ಬಫರ್ ಪೂಲನ್ನು ಎಂಟಕ್ಕೆ ಮರಳಿಸಿದ್ದೇನೆ. ಫೈಲುಗಳ ಮಿತಿ ಮತ್ತೆ 1024. ಭಾನುವಾರದ ಸಾಲನ್ನು ತೆಗೆದುಹಾಕಿದ್ದೇನೆ. ತಂತ್ರಾಂಶದವರು ತಪ್ಪು ಒಪ್ಪಿಕೊಂಡಿದ್ದಾರೆ, ಸರಿಪಡಿಸಿದ ಆವೃತ್ತಿ ಇನ್ನೂ ಕೈಗೆ ಬಂದಿಲ್ಲ. ಅದು ಬರುವವರೆಗೆ ಕೌಂಟರ್ ಮುಚ್ಚುವ ಮುನ್ನ ಆ ಹುಡುಗಿ ಫ್ರೀ ಒತ್ತಿ, ಬಲ ಅಂಚೂ ಸೇರುವ ಹಾಗೆ ಫೋಟೊ ಕಳಿಸುತ್ತಾಳೆ. ನಾಲ್ಕನೆಯ ಕಾಲಂ ನೋಡಿ, ಬರೆದಿಟ್ಟುಕೊಂಡು, ಸೇವೆಯನ್ನು ನಾನೇ ಮರುಪ್ರಾರಂಭಿಸುತ್ತೇನೆ. ನಿನ್ನೆ ಸಂಜೆ 1.8 ಇತ್ತು.