ಜರಡಿಯಲ್ಲಿ ಮೊಸರು

ಜರಡಿಯನ್ನು ಬಿಸಿಲಿಗೆ ಹಿಡಿದು ಆ ರೈತರು ಕೇಳಿದರು, "ಇದೇನ್ ಸ್ವಾಮಿ, ಮೊಸರಾ?"

ಸ್ಪ್ರೇಯರ್ ಬಾಯಲ್ಲಿ ಕೂರುವ ಸಣ್ಣ ಪ್ಲಾಸ್ಟಿಕ್ ಜರಡಿ ಅದು. ಅದರ ತುಂಬ ಒಡೆದ ಹಾಲಿನಂಥ ಬಿಳಿ ಗಸಿ. ಕೋಲಾರದ ಹತ್ತಿರದ ಒಂದು ಟೊಮೇಟೊ ತೋಟ. ಬೆಳಗ್ಗೆ ಹತ್ತೂವರೆಗೆ ನಾಜಲ್ ಆಗಲೇ ಮೂರು ಸಲ ಕಟ್ಟಿತ್ತು. ಔಷಧಿ ನಾನೇ ಆರು ತಿಂಗಳು ಕೂತು ಮಾಡಿದ್ದು.

ಅಜಾಕ್ಸಿಸ್ಟ್ರೋಬಿನ್ ಅನ್ನೋ ಶಿಲೀಂಧ್ರನಾಶಕ ನೀರಲ್ಲಿ ಕರಗೋದೇ ಇಲ್ಲ ಅನ್ನಬಹುದು. ಲೀಟರಿಗೆ ಸುಮಾರು 6 ಮಿಲಿಗ್ರಾಂ, ಅಷ್ಟೇ. ಹಾಗಾಗಿ ಸಣ್ಣ ಮಣಿಗಳ ನಡುವೆ ಅರೆಯುವ ಬೀಡ್ ಮಿಲ್‌ಗೆ ಹಾಕಿ, ಕೆಲವೇ ಮೈಕ್ರಾನ್ ಆಗುವ ತನಕ ಅರೆದು, ನೀರಲ್ಲಿ ತೇಲಿಸಿಡುತ್ತೇವೆ. ಅರೆಯುವುದು ದೊಡ್ಡ ವಿಷಯವಲ್ಲ. ಅರೆದ ಕಣಗಳು ಮತ್ತೆ ಒಂದಕ್ಕೊಂದು ಅಂಟದ ಹಾಗೆ ನೋಡಿಕೊಳ್ಳಬೇಕಲ್ಲ, ಅಲ್ಲೇ ನಮ್ಮ ತಲೆನೋವು.

ಲ್ಯಾಬಲ್ಲಿ ಎಲ್ಲ ಪಾಸಾಗಿತ್ತು. ಬಹುಕಾಲ ಕೆಡದೆ ಇರುತ್ತದಾ ಎಂದು ನೋಡಲು 54 ಡಿಗ್ರಿ ಓವನ್‌ನಲ್ಲಿ 14 ದಿನ ಇಟ್ಟಿದ್ದೆವು. 342 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಗಡಸು ನೀರನ್ನು, ಅಂದರೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಇರುವ ನೀರನ್ನು, ನಾವೇ ತಯಾರಿಸಿ, 250 ಎಂಎಲ್ ಸಿಲಿಂಡರ್‌ನಲ್ಲಿ ಅರ್ಧ ಗಂಟೆ ನಿಲ್ಲಿಸಿ ಕಣಗಳು ತಳಕ್ಕಿಳಿಯುತ್ತವಾ ನೋಡಿದ್ದೆವು. ಚೆನ್ನಾಗೇ ಇತ್ತು.

"ನೀರಿಗೆ ಬೇರೆ ಏನಾದ್ರೂ ಹಾಕಿದ್ರಾ?"

"ಏನಿಲ್ಲ. ಒಂಚೂರು ಕ್ಯಾಲ್ಸಿಯಂ ನೈಟ್ರೇಟ್. ಕಾಯಿ ತಳ ಕೊಳೀತದಲ್ಲ, ಅದಕ್ಕೆ."

ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ನಾವು ಬಳಸಿದ್ದು ನ್ಯಾಫ್ತಲೀನ್ ಸಲ್ಫೋನೇಟ್ ಜಾತಿಯ ಹಳೇ ಡಿಸ್ಪರ್ಸೆಂಟ್, ಅಂದರೆ ಕಣಗಳನ್ನು ಬಿಡಿಬಿಡಿಯಾಗಿಡುವ ರಾಸಾಯನಿಕ. ಅದು ಪ್ರತಿ ಕಣಕ್ಕೂ ಮೈನಸ್ ಚಾರ್ಜ್ ಹೊದಿಸುತ್ತದೆ. ಮೈನಸ್ ಮೈನಸ್ ದೂರ ತಳ್ಳುತ್ತವೆ, ಕಣಗಳು ಅಂಟುವುದಿಲ್ಲ. ಕ್ಯಾಲ್ಸಿಯಂ ಬಂತೆಂದರೆ ಆ ತಳ್ಳಾಟವೇ ಸತ್ತುಹೋಗುತ್ತದೆ. ಬೋರ್‌ವೆಲ್ ನೀರಲ್ಲಿ ಮೊದಲೇ ಅದು ಇತ್ತು. ಮೇಲೆ ಇವರು ಮಗ್‌ನಲ್ಲಿ ಸುರಿದಿದ್ದರು. ತಪ್ಪು ಅವರದ್ದಲ್ಲ. ಒಂದೇ ಡ್ರಮ್ಮಲ್ಲಿ ಎರಡು ಕೆಲಸ ಮುಗಿದರೆ ಒಂದು ದಿನದ ಕೂಲಿ ಉಳಿಯುತ್ತದೆ, ಯಾರು ಬಿಡುತ್ತಾರೆ?

ಐದು ಲೀಟರ್ ಕ್ಯಾನ್‌ನಲ್ಲಿ ಆ ನೀರನ್ನೇ ತುಂಬಿಕೊಂಡು ಬೆಂಗಳೂರಿಗೆ ಬಂದೆ. ಗಡಸುತನ ಅಳೆಯಲು ಕೂತರೆ ಬ್ಯುರೆಟ್ ಎಂಬ ಅಳತೆ ಕೊಳವೆಯ ದ್ರಾವಣ ಇಳಿಯುತ್ತಲೇ ಇದೆ, ಫ್ಲಾಸ್ಕಿನ ದ್ರಾಕ್ಷಿ ಕೆಂಪು ನೀಲಿಗೆ ತಿರುಗುವ ಲಕ್ಷಣವೇ ಇಲ್ಲ, ಅಷ್ಟು ಗಡಸು. ಅದೇ ನೀರಿಗೆ ಕ್ಯಾಲ್ಸಿಯಂ ನೈಟ್ರೇಟ್ ಹಾಕಿ ನಮ್ಮ ಔಷಧಿ ಬಿಟ್ಟೆ. ಐದು ನಿಮಿಷದಲ್ಲಿ ಸಿಲಿಂಡರ್ ಒಳಗೆ ಅದೇ ಮೊಸರು.

ಮುಂದಿನ ವಾರ ಹಳೇ ಡಿಸ್ಪರ್ಸೆಂಟ್ ಬದಲಿಗೆ ಬಾಚಣಿಗೆಯಂಥ ಪಾಲಿಮರ್ ಸರ್ಫ್ಯಾಕ್ಟಂಟ್ (ಕಣದ ಮೈಗೆ ಅಂಟಿಕೊಳ್ಳುವ ರಾಸಾಯನಿಕ) ತರಿಸಿದೆವು. ಇದರ ಬೆನ್ನೆಲುಬು ಅಕ್ರಿಲಿಕ್, ಹಲ್ಲುಗಳು ಪಾಲಿಎಥಿಲೀನ್ ಗ್ಲೈಕಾಲ್. ಸಾಮಾನ್ಯ ಸಣ್ಣ ಸರ್ಫ್ಯಾಕ್ಟಂಟ್ ಒಂದೇ ಕಾಲಲ್ಲಿ ನಿಂತಿರುತ್ತದೆ, ಬರುತ್ತದೆ, ಹೋಗುತ್ತದೆ. ಇದು ಹಾಗಲ್ಲ. ಅಡಿಕೆ ಮರಕ್ಕೆ ವೀಳ್ಯದೆಲೆ ಬಳ್ಳಿ ಹಬ್ಬಿರೋದನ್ನು ನೋಡಿದ್ದೀರಲ್ವಾ? ಗಿಣ್ಣು ಗಿಣ್ಣಿಗೂ ಬೇರು ಊರಿರುತ್ತದೆ. ಒಂದು ಬೇರು ಸಡಿಲಾದರೂ ಬಳ್ಳಿ ಬೀಳೋದಿಲ್ಲ. ಬೆನ್ನೆಲುಬು ಹಾಗೆ ಕಣವನ್ನು ಹಿಡಿದಿರುತ್ತದೆ. ಹಲ್ಲುಗಳು ನೀರಿನೊಳಕ್ಕೆ ಚಾಚಿಕೊಂಡು, ಸಿಟಿ ಬಸ್ಸಲ್ಲಿ ಮೊಣಕೈ ಚಾಚಿ ಜಾಗ ಮಾಡಿಕೊಳ್ಳುವ ಹಾಗೆ, ಪಕ್ಕದ ಕಣವನ್ನು ಹತ್ತಿರ ಬಿಡುವುದಿಲ್ಲ. ಇಲ್ಲಿ ನೆಚ್ಚಿಕೊಂಡಿರೋದು ಚಾರ್ಜನ್ನಲ್ಲ, ಹಾಗಾಗಿ ಕ್ಯಾಲ್ಸಿಯಂ ಆಟ ಅಷ್ಟಾಗಿ ನಡೆಯುವುದಿಲ್ಲ.

ಮೊದಲ ಬ್ಯಾಚ್ ಮಾತ್ರ ಹಾಳು. ಮಿಲ್ ತುಂಬ ನೊರೆ, ಮಿಲ್ಕ್‌ಶೇಕ್ ಥರ. ಗಾಳಿ ಸೇರಿದ ಮೇಲೆ ಅರೆಯುವುದೆಲ್ಲಿ ಬಂತು. ಸಿಲಿಕೋನ್ ಆಂಟಿಫೋಮ್ ಜಾಸ್ತಿ ಮಾಡಿ, ಮಿಲ್ ವೇಗ ಇಳಿಸಿ, ಮೂರನೇ ಸಲಕ್ಕೆ ಸರಿಹೋಯಿತು. ಬೆಲೆ ಕೇಳಿ ಖರೀದಿ ವಿಭಾಗದವರು ಮುಖ ಸಿಂಡರಿಸಿದರು. ನಾನು ಮಾತಾಡಲಿಲ್ಲ. ಕ್ಯಾನ್ ನೀರು ತುಂಬಿದ ಎರಡು ಸಿಲಿಂಡರ್ ಅವರ ಮೇಜಿನ ಮೇಲಿಟ್ಟೆ. ಒಂದರಲ್ಲಿ ಮೊಸರು, ಇನ್ನೊಂದರಲ್ಲಿ ಹಾಲು.

ಹೊಸ ಬಾಟಲಿ ಹಿಡಿದು ಅದೇ ತೋಟಕ್ಕೆ ಹೋದೆ. ಅದೇ ಡ್ರಮ್, ಅದೇ ಮಗ್, ಅದೇ ಕ್ಯಾಲ್ಸಿಯಂ ನೈಟ್ರೇಟ್. ಎರಡು ಟ್ಯಾಂಕ್ ಹೊಡೆದು ಅವರು ಜರಡಿ ಬಿಚ್ಚಿ ತೋರಿಸಿದರು. ಬರೀ ನೀರು ತೊಟ್ಟಿಕ್ಕುತ್ತಿತ್ತು. ನಾನು ಉಸಿರು ಬಿಡೋಷ್ಟರಲ್ಲಿ ಅವರು ಜೇಬಿಂದ ಒಂದು ಪೊಟ್ಟಣ ತೆಗೆದು ಹಲ್ಲಲ್ಲಿ ಕಚ್ಚಿ ಹರಿದರು.

"ಇದು ಬೋರಾನ್. ಇವತ್ತು ಇದನ್ನೂ ಸೇರಿಸ್ಬಿಡೋಣ."

ನಾನು ಕಾರಿನಿಂದ ಖಾಲಿ ಕ್ಯಾನ್ ತರಲು ಹೋದೆ.