ಮಂಡಿ ನೋವು ಮತ್ತು ಮಣಿಪಾಲದ ಇಳಿಜಾರು: ಒಂಬತ್ತು ವಾರದ ಲೆಕ್ಕ

ವಾರ 1

ತಪ್ಪು ನನ್ನದೇ. ವಾರಕ್ಕೆ 15 ಕಿಲೋಮೀಟರ್ ಓಡುತ್ತಿದ್ದವನು ಒಮ್ಮೆಲೇ 28ಕ್ಕೆ ಹಾರಿದೆ. ಅದೂ ಟೈಗರ್ ಸರ್ಕಲ್‌ನಿಂದ ಇಂದ್ರಾಳಿ ಕಡೆಗೆ, ಇಳಿಜಾರಿನಲ್ಲಿ. ಹತ್ತುವುದು ಕಷ್ಟ, ಇಳಿಯುವುದು ಸುಲಭ ಅಂದುಕೊಂಡಿದ್ದೆ. ಉಸಿರಿಗೆ ಅದು ಸರಿ, ಮಂಡಿಗೆ ಲೆಕ್ಕ ಉಲ್ಟಾ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಪ್ರತಿ ಹೆಜ್ಜೆಗೂ ಬ್ರೇಕ್ ಹಿಡಿಯಬೇಕು. ಆ ಒತ್ತಡ ಹೋಗಿ ಬೀಳುವುದು ಮಂಡಿಚಿಪ್ಪಿನ ಹಿಂದೆ.

ಅಮ್ಮ ಎಣ್ಣೆ ಬಿಸಿ ಮಾಡಿ ತಂದರು. "ಓಡ್ಲಿಕ್ಕೆ ಹೇಳಿದ್ದು ಯಾರು ನಿಂಗೆ?" ಉತ್ತರ ಇರಲಿಲ್ಲ.

ಫಿಸಿಯೋ ಹತ್ತಿರ ಹೋದೆ. ಬಾವು ಇಲ್ಲ, ಮಂಡಿ ಸಿಕ್ಕಿಕೊಳ್ಳುವುದಿಲ್ಲ, ನಡೆಯುವಾಗ ಕುಸಿಯುವುದೂ ಇಲ್ಲ. ಇವುಗಳಲ್ಲಿ ಒಂದಿದ್ದರೂ ಮೊದಲು ಡಾಕ್ಟರಿಗೆ ತೋರಿಸಿ ಎನ್ನುತ್ತಿದ್ದರಂತೆ. ಒಂದೇ ಕಾಲಲ್ಲಿ ಮೆಟ್ಟಿಲು ಇಳಿಯಲು ಹೇಳಿದರು. ಬಲ ಮಂಡಿ ಒಳಗೆ ವಾಲಿತು. "ನಿಮ್ಮ ಸೊಂಟದ ಪಕ್ಕದ ಸ್ನಾಯುವಿಗೆ ಶಕ್ತಿ ಇಲ್ಲ ಮಾರಾಯ್ರೆ, ಮಂಡಿಯನ್ನು ಬೈದು ಪ್ರಯೋಜನ ಇಲ್ಲ" ಅಂದರು.

ದಿನ ಬಿಟ್ಟು ದಿನ ಮೂರು ಕೆಲಸ. ಪಕ್ಕಕ್ಕೆ ಮಲಗಿ ಕಾಲೆತ್ತುವುದು, ಗೋಡೆಗೆ ಒರಗಿ ಕುರ್ಚಿಯಲ್ಲಿ ಕೂತಂತೆ ನಿಲ್ಲುವುದು, ಜಗಲಿಯ ಮೆಟ್ಟಿಲಿನಿಂದ ಒಂದು ಕಾಲನ್ನು ನಿಧಾನವಾಗಿ ಇಳಿಸುವುದು. ಭಯಂಕರ ಬೋರು.

ವಾರ 3

ಓಡಿಲ್ಲ. ಆದರೂ ನೋವು ಬಂತು, ಅದೂ ಸುಮ್ನೆ ಕೂತಾಗ. ಪಕ್ಕದ ಗದ್ದೆಯಲ್ಲಿ ಬಡಗಿನ ಆಟ, ಅಂದರೆ ಬಡಗುತಿಟ್ಟಿನ ಯಕ್ಷಗಾನ ಇತ್ತು. ಎರಡು ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಮಡಚಿ ಕೂತದ್ದೇ ಸಾಕಾಯಿತು. ರಂಗಸ್ಥಳದಲ್ಲಿ ವೇಷಧಾರಿ ಮಂಡಿಯೂರಿ ಗಿರ್ರನೆ ತಿರುಗುತ್ತಿದ್ದಾನೆ, ಇಲ್ಲಿ ನಾನು ಕೂರಲೂ ಆಗದೆ ಹಿಂದೆ ಹೋಗಿ ಚರುಮುರಿ ಗಾಡಿ ಪಕ್ಕ ನಿಂತಿದ್ದೇನೆ! ಮಡಚಿದ ಮಂಡಿಯಲ್ಲಿ ಜಾಸ್ತಿ ಹೊತ್ತು ಕೂತರೆ ನೋಯುವುದು ಈ ತೊಂದರೆಯ ಗುರುತೇ ಅಂತೆ. ಆಫೀಸಿನಲ್ಲಿ ಈಗ ಅರ್ಧ ಗಂಟೆಗೊಮ್ಮೆ ಏಳುತ್ತೇನೆ.

ವಾರ 5

ಅಜ್ಜರಕಾಡು ಸ್ಟೇಡಿಯಂ. ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹತ್ತು ಸಲ. ಹತ್ತಕ್ಕೆ ಮೂರರವರೆಗಿನ ನೋವು ಪರವಾಗಿಲ್ಲ, ಮರುದಿನ ಬೆಳಿಗ್ಗೆ ಮೊದಲಿನ ಸ್ಥಿತಿಗೆ ಬಂದಿರಬೇಕು. ಇಷ್ಟೇ ನಿಯಮ. ಪೂರ್ತಿ ನೋವು ಹೋಗುವವರೆಗೆ ಕಾದಿದ್ದರೆ ಇನ್ನೂ ಮನೆಯಲ್ಲೇ ಇರುತ್ತಿದ್ದೆ.

ಹೆಜ್ಜೆಯನ್ನೂ ಎಣಿಸಿದೆ. ನಿಮಿಷಕ್ಕೆ 156. ಉದ್ದುದ್ದ ಹೆಜ್ಜೆ, ಹಿಮ್ಮಡಿ ದೇಹಕ್ಕಿಂತ ತುಂಬ ಮುಂದೆ ಬೀಳುತ್ತಿತ್ತು. ಫೋನಿನಲ್ಲಿ ಟಿಕ್ ಟಿಕ್ ಎಂದು ತಾಳ ಹಾಕುವ ಮೆಟ್ರೋನೋಮ್ ಹಚ್ಚಿ ಅದೇ ವೇಗದಲ್ಲಿ 166ಕ್ಕೆ ತಂದೆ. ಹೆಜ್ಜೆ ಚಿಕ್ಕದಾಯಿತು, ಮಂಡಿಯ ಮೇಲಿನ ಭಾರ ಇಳಿಯಿತು. ಮೊದಲ ದಿನ ಕೋಳಿ ಓಡಿದ ಹಾಗೆ ಅನಿಸಿತು. ನೋಡಿದವರಿಗೂ ಹಾಗೇ ಅನಿಸಿರಬೇಕು.

ವಾರ 6

ಮರಳು ಮೆತ್ತಗಿರುತ್ತದೆ ಅಂತ ಮಲ್ಪೆಗೆ ಹೋದೆ. ಕೆಟ್ಟ ಉಪಾಯ. ಬೀಚು ಸಮುದ್ರದ ಕಡೆಗೆ ಇಳಿದಿರುತ್ತದೆ, ಒಂದು ಕಾಲು ಸದಾ ತಗ್ಗಿನಲ್ಲಿ. ಎರಡು ಕಿಲೋಮೀಟರಿಗೆ ನೋವು 4. ವಾಪಸ್ ನಡೆದುಕೊಂಡೇ ಬಂದೆ.

ವಾರ 9

ಅಜ್ಜರಕಾಡಿನಲ್ಲಿ ನಿಲ್ಲದೆ 5 ಕಿಲೋಮೀಟರ್, 36 ನಿಮಿಷ, ನೋವು 1. ಮರುದಿನ ಸೊನ್ನೆ. ಜಗಲಿಯ ಮೆಟ್ಟಿಲಿನಲ್ಲಿ ಮಂಡಿ ಈಗ ನೇರವಾಗಿ ಇಳಿಯುತ್ತದೆ. ಅಮ್ಮನೇ ಬಾಗಿಲಲ್ಲಿ ನಿಂತು ಎಣಿಸುತ್ತಾರೆ, ಮಧ್ಯೆ ಒಂದೆರಡು ಹಾರಿಸಿದರೆ ಹಿಡಿಯುತ್ತಾರೆ.

ಮುಂದಿನ ಭಾನುವಾರ ಇಂದ್ರಾಳಿಯಿಂದ ಟೈಗರ್ ಸರ್ಕಲ್‌ಗೆ ಓಡಿ ಹತ್ತುವುದು. ಇಳಿಯಲಿಕ್ಕೆ ಸಿಟಿ ಬಸ್.